ಅಡೆನೊಮಯೋಸಿಸ್ ಇದ್ದು ಐವಿಎಫ್: ಡೈನೊಜೆಸ್ಟ್ ಮಾತ್ರೆಯೋ, ಡಿಪೋ ಇಂಜೆಕ್ಷನ್ನೋ?

ಅಡೆನೊಮಯೋಸಿಸ್ ಇರುವವರು ಐವಿಎಫ್‌ಗೆ (ಅಂಡ, ವೀರ್ಯವನ್ನು ದೇಹದ ಹೊರಗೆ ಸೇರಿಸುವ ಚಿಕಿತ್ಸೆಗೆ) ಹೋಗಿ ಎಂಬ್ರಿಯೋ, ಅಂದರೆ ಭ್ರೂಣ, ಫ್ರೀಜ್ ಮಾಡಿಸಿದ ಮೇಲೆ ಈ ಪ್ರಶ್ನೆ ಸಾಮಾನ್ಯವಾಗಿ ಬಂದೇ ಬರುತ್ತದೆ. ಅದನ್ನು ಗರ್ಭಕೋಶದೊಳಗೆ ಇಡುವ ಟ್ರಾನ್ಸ್‌ಫರ್‌ಗೆ ಮುಂಚೆ ಗರ್ಭಕೋಶ ಸ್ವಲ್ಪ ತಣ್ಣಗಾಗಬೇಕು. ಅದಕ್ಕೆ ದಿನಾ ನುಂಗುವ ಡೈನೊಜೆಸ್ಟ್ ಮಾತ್ರೆಯೋ, ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ, ಮೈಯಲ್ಲಿ ನಿಧಾನವಾಗಿ ಬಿಡುಗಡೆಯಾಗುವ ಲ್ಯೂಪ್ರೊಲೈಡ್ ಡಿಪೋ ಇಂಜೆಕ್ಷನ್ನೋ? ನಾನು ಎರಡನ್ನೂ ತಗೊಂಡಿದ್ದೇನೆ. ಮೊದಲ ಟ್ರಾನ್ಸ್‌ಫರ್‌ಗೆ ಮುಂಚೆ ಮಾತ್ರೆ, ಎರಡನೆಯದಕ್ಕೆ ಮುಂಚೆ ಇಂಜೆಕ್ಷನ್.

ಕಾಯಿಲೆ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಗರ್ಭಕೋಶದ ಒಳಪದರ ಅದರ ಸ್ನಾಯುವಿನೊಳಗೇ ನುಗ್ಗಿ ಬೆಳೆಯುವುದು ಅಡೆನೊಮಯೋಸಿಸ್. ಸ್ಕ್ಯಾನ್ ರಿಪೋರ್ಟಿನಲ್ಲಿ ‘ಬಲ್ಕಿ ಯೂಟರಸ್’ (ದಪ್ಪಗಾದ ಗರ್ಭಕೋಶ) ಅಂತ ಬರೆದಿರುತ್ತಾರಲ್ಲ, ಎಷ್ಟೋ ಜನಕ್ಕೆ ಅದರ ಕಾರಣ ಇದೇ. ಫೈಬ್ರಾಯ್ಡ್ ಆದರೆ ಗಡ್ಡೆ, ಅಂಚು ಇರುತ್ತದೆ, ಬಿಡಿಸಿ ತೆಗೆಯಬಹುದು. ಇದು ಹಿಟ್ಟಿಗೆ ಕಲೆಸಿದ ಎಣ್ಣೆಯ ಹಾಗೆ, ಎಲ್ಲಿ ಶುರು ಎಲ್ಲಿ ಕೊನೆ ಅಂತ ಹೇಳುವುದು ಕಷ್ಟ. ಆಪರೇಷನ್ ಮಾಡುವವರೂ ಇದ್ದಾರೆ. ಆದರೆ ಕೊಯ್ದು ಹೊಲಿದ ಜಾಗ ಬಸಿರಿನಲ್ಲಿ ಬಿರಿಯುವ ಅಪಾಯ ಇರುವುದರಿಂದ ನಮ್ಮ ಡಾಕ್ಟರ್ ಆ ದಾರಿ ಬೇಡ ಎಂದರು. ಕಾಯಿಲೆ ಹೆಚ್ಚುವುದು ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನಿನ ಬಲದಿಂದ. ಎರಡೂ ಔಷಧ ಆ ಬಲವನ್ನೇ ಇಳಿಸುತ್ತವೆ, ಮಾತ್ರೆ ಅರ್ಧಂಬರ್ಧ, ಇಂಜೆಕ್ಷನ್ ಹೆಚ್ಚುಕಡಿಮೆ ಪೂರ್ತಿ.

ಮೊದಲು ಡೈನೊಜೆಸ್ಟ್. ದಿನಕ್ಕೆ 2 ಮಿಲಿಗ್ರಾಂ, ದಿನಾ ಒಂದೇ ಹೊತ್ತಿಗೆ. ಚುಚ್ಚಿಸಿಕೊಳ್ಳೋಕೆ ಆಸ್ಪತ್ರೆಗೆ ಹೋಗುವ ಕೆಲಸವಿಲ್ಲ, ರಜೆ ಕೇಳಬೇಕಿಲ್ಲ. ನನಗೆ ನೋವು ನಿಜವಾಗಿ ಕಡಿಮೆಯಾಯಿತು. ಡೇಟ್ ಬಂದರೆ ಹಾಟ್ ವಾಟರ್ ಬ್ಯಾಗ್ ಅಪ್ಪಿಕೊಂಡು ಮಲಗುತ್ತಿದ್ದವಳು ನಾನು, ಆ ಕಾಟ ತಪ್ಪಿತು. ಆದರೆ ಸ್ಪಾಟಿಂಗ್, ಅಂದರೆ ಆಗಾಗ ಸ್ವಲ್ಪ ಸ್ವಲ್ಪ ರಕ್ತ ಕಾಣುವುದು, ಮಾತ್ರ ಬಿಡಲಿಲ್ಲ. ಶುರುವಿನ ತಿಂಗಳುಗಳಲ್ಲಿ ಇದು ತುಂಬ ಜನಕ್ಕೆ ಆಗುತ್ತದೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಕೇಳಿದ್ದೇ ಬೇರೆ, ಅನುಭವಿಸುವುದೇ ಬೇರೆ. ಗೌರಿ ಹಬ್ಬದ ಬೆಳಿಗ್ಗೆ ಮೊರದಲ್ಲಿ ಬಾಗಿನ ಜೋಡಿಸಿಟ್ಟು ಸೀರೆ ಉಟ್ಟುಕೊಳ್ಳುವಾಗ ಮತ್ತೆ ಕಲೆ ಕಂಡಿತು. ಇದನ್ನು ಮುಟ್ಟು ಅನ್ನಬೇಕೋ ಬೇಡವೋ, ದೇವರ ಮನೆಗೆ ಹೋಗಬಹುದೋ ಬಾರದೋ? ಅತ್ತೆಯನ್ನು ಕೇಳಿದೆ. “ಅದು ಮಾತ್ರೆ ಕಾಟ ಕಣಮ್ಮಾ, ಸುಮ್ನೆ ಬಾ” ಅಂದರು. ಹೋದೆ, ಬಾಗಿನ ಕೊಟ್ಟೆ. ಎಲ್ಲರ ಮನೆಯಲ್ಲೂ ಹೀಗೆ ಹೇಳುವ ಅತ್ತೆ ಇರಲ್ಲ ಅಲ್ವಾ? ಔಷಧ ಆರಿಸುವಾಗ ಇದನ್ನೂ ಲೆಕ್ಕಕ್ಕೆ ತಗೊಳ್ಳಿ ಅಂತಲೇ ಹೇಳುತ್ತೇನೆ.

ಡಿಪೋ ಇಂಜೆಕ್ಷನ್ ಕಥೆ ಬೇರೆ. ನನಗೆ ಕೊಟ್ಟಿದ್ದು 3.75 ಮಿಲಿಗ್ರಾಂ, 28 ದಿನಕ್ಕೊಂದು. ಮೂರು ತಿಂಗಳಿಗೆ ಒಂದೇ ಸಲ ಕೊಡುವ 11.25 ಮಿಲಿಗ್ರಾಂದೂ ಇದೆ. ಹಾಕಿಸಿಕೊಂಡ ತಕ್ಷಣ ಆರಾಮ ಸಿಗುತ್ತದೆ ಅಂದುಕೊಳ್ಳಬೇಡಿ. ಮೊದಲ ಒಂದೆರಡು ವಾರ ಹಾರ್ಮೋನು ಇಳಿಯುವ ಬದಲು ಏರುತ್ತದೆ, ನೋವೂ ಏರಬಹುದು. ಆಮೇಲೆ ಅಂಡಾಶಯ ಕೆಲಸ ನಿಲ್ಲಿಸುತ್ತದೆ, ಮುಟ್ಟು ನಿಲ್ಲುತ್ತದೆ. ನನಗೆ ಒಂದು ಹನಿ ಸ್ಪಾಟಿಂಗ್ ಕೂಡ ಆಗಲಿಲ್ಲ. ಸ್ಕ್ಯಾನಿನಲ್ಲಿ ಗರ್ಭಕೋಶದ ಅಳತೆ ಇಳಿದಿತ್ತು. ಮಾತ್ರೆಯಿಂದ ಅದು ಆಗಿರಲಿಲ್ಲ. ರಕ್ತ ಹೋಗುವುದು ನಿಂತಿದ್ದರಿಂದ ಹಿಮೋಗ್ಲೋಬಿನ್ನೂ ಚೇತರಿಸಿಕೊಂಡಿತು.

ಆದರೆ ಮೈ ತೆರುವ ಬೆಲೆ ಜಾಸ್ತಿ. ಮೂವತ್ತರ ಆಸುಪಾಸಿನಲ್ಲೇ ಮುಟ್ಟು ನಿಂತವರ ಮೈ ಬಂದುಬಿಡುತ್ತದೆ. ಡಿಸೆಂಬರ್ ಚಳಿಯಲ್ಲಿ ನಡುರಾತ್ರಿ ಎದೆಯಿಂದ ಬಿಸಿ ಎದ್ದು ಕುತ್ತಿಗೆ, ಕೆನ್ನೆ, ಕಿವಿಗೆ ಹತ್ತುತ್ತಿತ್ತು. ದಿಂಬು ಒದ್ದೆ. ರಗ್ಗು ಒದ್ದು ಫ್ಯಾನ್ ಹಾಕಿಕೊಂಡರೆ ಐದು ನಿಮಿಷಕ್ಕೆ ನಡುಕ. ಬೆಳಿಗ್ಗೆ ಎದ್ದರೆ ಬೆರಳಿನ ಗಿಣ್ಣು ಬಿಗಿ. ಸಣ್ಣ ಮಾತಿಗೂ ಅಳು. ಮೂಳೆ ಸವೆಯುವ ಭಯ ಇರುವುದರಿಂದ ಇದನ್ನು ಒಂದನ್ನೇ ಆರು ತಿಂಗಳಿಗಿಂತ ಹೆಚ್ಚು ಕೊಡುವುದಿಲ್ಲ. ಟ್ರಾನ್ಸ್‌ಫರ್‌ಗೆ ಮುಂಚೆ ಸಾಮಾನ್ಯವಾಗಿ ಎರಡು ಮೂರು ಡೋಸ್ ಸಾಕು ಅನ್ನುತ್ತಾರೆ. ಖರ್ಚೂ ಮಾತ್ರೆಗಿಂತ ಜಾಸ್ತಿ.

ಮೊದಲ ಸಲ ಬೀಟಾ (ಬಸಿರು ನಿಂತಿದೆಯೇ ಅಂತ ನೋಡುವ ರಕ್ತಪರೀಕ್ಷೆ) ನೆಗೆಟಿವ್. ಎರಡನೇ ಸಲ ಪಾಸಿಟಿವ್. ಇಷ್ಟರಿಂದ ಇಂಜೆಕ್ಷನ್ನೇ ಗೆದ್ದಿತು ಅಂತ ನಾನು ಹೇಳುವುದಿಲ್ಲ. ಎರಡೂ ಸಲ ಇಟ್ಟ ಎಂಬ್ರಿಯೋ ಬೇರೆ. ಬಸಿರು ನಿಲ್ಲುವುದಕ್ಕೆ ಡಿಪೋ ಎಷ್ಟು ಸಹಾಯ ಮಾಡುತ್ತದೆ ಅನ್ನುವುದರಲ್ಲಿ ಅಧ್ಯಯನಗಳೂ ಒಂದೇ ಮಾತು ಹೇಳುತ್ತಿಲ್ಲ. ಆದರೂ ನನ್ನಂಥ ದೊಡ್ಡ ಗರ್ಭಕೋಶ, ವಿಪರೀತ ಬ್ಲೀಡಿಂಗ್ ಇರುವವರು ಕೇಳಿದರೆ ಟ್ರಾನ್ಸ್‌ಫರ್‌ಗೆ ಮುಂಚಿನ ಎರಡು ಮೂರು ತಿಂಗಳಿಗೆ ಇಂಜೆಕ್ಷನ್ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ ಅನ್ನುತ್ತೇನೆ. ದುಡ್ಡು ಹೊಂದಿಸಲೋ, ರಜೆ ಹೊಂದಿಸಲೋ ಇನ್ನೂ ತುಂಬ ದಿನ ಕಾಯಬೇಕು ಅನ್ನುವವರಿಗೆ ಮಾತ್ರೆಯೇ ವಾಸಿ.

ಇನ್ನೊಂದು ವಿಷಯ ಯಾರೂ ಮೊದಲೇ ಬಿಡಿಸಿ ಹೇಳುವುದಿಲ್ಲ. ಡಿಪೋ ಆದ ಮೇಲೆ ನಮ್ಮ ಅಂಡಾಶಯ ಮಲಗಿರುತ್ತದೆ, ಹಾಗಾಗಿ ಬಸಿರು ನಿಲ್ಲಲು ಬೇಕಾದ ಹಾರ್ಮೋನು ಪ್ರೊಜೆಸ್ಟರಾನ್ ಪೂರ್ತಿ ಹೊರಗಿನಿಂದಲೇ ಬರಬೇಕು. ಅದರಲ್ಲೂ ಎರಡು ಬಗೆ ನೋಡಿದೆ. ಯೋನಿಯೊಳಗೆ ಇಟ್ಟುಕೊಳ್ಳುವ ಕ್ಯಾಪ್ಸೂಲ್ ನೋವಿಲ್ಲದ್ದು, ಆದರೆ ಬೆಳ್ಳಗೆ ಸುರಿಯುತ್ತಲೇ ಇರುತ್ತದೆ, ಇಟ್ಟ ಮೇಲೆ ಸ್ವಲ್ಪ ಹೊತ್ತು ಮಲಗಬೇಕು. ಎಣ್ಣೆ ಇಂಜೆಕ್ಷನ್‌ಗೆ ಸಿಸ್ಟರ್ ಆ್ಯಂಪೂಲನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಂಡು, ನಿಧಾನವಾಗಿ ಒತ್ತುತ್ತಿದ್ದರು. ಹಾಗೆ ಮಾಡಿದ ದಿನ ಗಂಟು ಕಟ್ಟುವುದು ಕಡಿಮೆ. ಅವಸರದಲ್ಲಿ ಚುಚ್ಚಿದ ದಿನ ಬಸ್ಸಿನಲ್ಲಿ ಒಂದು ಮಗ್ಗುಲಲ್ಲೇ ಕೂರಬೇಕು. ಕೆಲವು ಕಂಪನಿಯ ಇಂಜೆಕ್ಷನ್‌ನಲ್ಲಿ ಕಡಲೆಕಾಯಿ ಎಣ್ಣೆ ಇರುತ್ತದೆ, ಅಲರ್ಜಿ ಇರುವವರು ಮೊದಲೇ ಹೇಳಿಬಿಡಿ. ಮನೆಯಲ್ಲಿ ಚುಚ್ಚಲು ಯಾರೂ ಇಲ್ಲದವರಿಗೆ, ಡಾಕ್ಟರ್ ಒಪ್ಪಿದರೆ, ಕ್ಯಾಪ್ಸೂಲ್ ಸುಲಭ.

ಈಗ ಹತ್ತನೇ ವಾರ ದಾಟಿದೆ. ಪ್ರೊಜೆಸ್ಟರಾನ್ 12 ವಾರದವರೆಗೆ ಇರಲಿ, ನಿಲ್ಲಿಸುವಾಗ ನಾವೇ ಹೇಳುತ್ತೇವೆ ಎಂದಿದ್ದಾರೆ. ಅಡೆನೊಮಯೋಸಿಸ್ ಇದ್ದವರಿಗೆ ದಿನ ತುಂಬುವ ಮುಂಚೆಯೇ ಹೆರಿಗೆಯಾಗುವ ಸಾಧ್ಯತೆ ಜಾಸ್ತಿ. ಹಾಗಾಗಿ ಐದನೇ ತಿಂಗಳ ಸ್ಕ್ಯಾನಿನಲ್ಲಿ ಗರ್ಭಕಂಠದ ಉದ್ದವನ್ನೂ ಅಳೆಯುತ್ತಾರೆ. ಅದಕ್ಕೆ ಅಪಾಯಿಂಟ್‌ಮೆಂಟ್ ಈಗಲೇ ತಗೊಂಡಾಗಿದೆ.