ಪೋಸ್ಟ್‌ಗ್ರೆಸ್ ರೋಲ್‌ಗಳು: ಐದಕ್ಕೆ ನಾಲ್ಕೂವರೆ

ನಮ್ಮ ಆಫೀಸಿನಲ್ಲಿ ಒಂದೇ ಡೇಟಾಬೇಸಿಗೆ ಮೂರು ಥರದವರು ಬರುತ್ತಾರೆ. ದಿನವಿಡೀ ಬಿಲ್ ಹಾಕುವ ಆ್ಯಪ್, ತಿಂಗಳ ಕೊನೆಗೆ ದೊಡ್ಡ ದೊಡ್ಡ ವರದಿ ತೆಗೆಯುವ ಅಕೌಂಟ್ಸ್‌ನವರು, ಕೆಲಸ ಕಲಿಯಲು ಬಂದ ಹುಡುಗರು. ಮೂವರಿಗೂ ಒಂದೇ ಸೆಟ್ಟಿಂಗ್ ಹೊಂದುವುದಿಲ್ಲ. ಇದನ್ನು ಆ್ಯಪ್‌ನ ಕೋಡ್ ಮುಟ್ಟದೆ, ಒಂದೊಂದು ರೋಲ್‌ಗೆ ಬೇರೆಬೇರೆ ಸೆಟ್ಟಿಂಗ್ ಹಾಕಿ ಡೇಟಾಬೇಸಿನಲ್ಲೇ ನಿಭಾಯಿಸಬಹುದು ಅನ್ನುವುದು ನಾನು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರನ್ನು ನೆಚ್ಚಿಕೊಳ್ಳಲು ದೊಡ್ಡ ಕಾರಣ.

ಯೂಸರ್ ಬೇರೆ, ಗ್ರೂಪ್ ಬೇರೆ ಅಂತಿದ್ದದ್ದನ್ನು 2005ರ 8.1 ಆವೃತ್ತಿಯಲ್ಲಿ ಒಂದು ಮಾಡಿ ರೋಲ್ ಅಂತ ತಂದರು. ಲಾಗಿನ್ ಇರುವ ರೋಲೇ ಯೂಸರ್. ಅಕೌಂಟ್ಸ್‌ನವರ ರೋಲ್‌ಗೆ ‘ಆಲ್ಟರ್ ರೋಲ್ … ಸೆಟ್’ ಅಂತ ಬರೆದು ವರ್ಕ್_ಮೆಮ್ (ಸಾಲುಗಳನ್ನು ಜೋಡಿಸುವಂಥ ಕೆಲಸಕ್ಕೆ ಬಳಸುವ ಮೆಮೊರಿಯ ಮಿತಿ) 64 ಎಂಬಿ ಮಾಡಿದ್ದೇನೆ. ಮೊದಲಿಗೆ ಇರುವುದು 4 ಎಂಬಿ ಮಾತ್ರ. ಇದು ಸೆಷನ್ನಿಗೆ, ಅಂದರೆ ಒಂದು ಲಾಗಿನ್‌ಗೆ, ಒಟ್ಟು ಸಿಗುವ ಲೆಕ್ಕವಲ್ಲ, ಕ್ವೆರಿಯೊಳಗಿನ (ಡೇಟಾಬೇಸಿಗೆ ಕಳಿಸುವ ಆದೇಶದೊಳಗಿನ) ಒಂದೊಂದು ಸಾರ್ಟಿಗೂ ಅಷ್ಟಷ್ಟು ಹೋಗಬಹುದು. ಹಾಗಾಗಿ ಎಲ್ಲರಿಗೂ ಕೊಡದೆ ಬೇಕಾದವರಿಗಷ್ಟೇ ಕೊಡುವುದು ಜಾಣತನ. ಆ್ಯಪ್‌ನ ರೋಲ್‌ಗೆ ಸ್ಟೇಟ್‌ಮೆಂಟ್_ಟೈಮ್‌ಔಟ್ (ಒಂದು ಕ್ವೆರಿ ಹೆಚ್ಚೆಂದರೆ ಎಷ್ಟು ಹೊತ್ತು ಓಡಬಹುದು ಅನ್ನುವ ಮಿತಿ) 30 ಸೆಕೆಂಡ್. ಬರೆಯುವಾಗ ಸೆಕೆಂಡ್ ಅಂತ ಹೇಳಲೇಬೇಕು. ಬರೀ 30 ಅಂದರೆ ಅದು 30 ಮಿಲಿಸೆಕೆಂಡ್ ಅಂತ ತಿಳಿದು ಒಳ್ಳೆಯ ಕ್ವೆರಿಗಳನ್ನೂ ಕತ್ತರಿಸುತ್ತದೆ.

ಯಾವುದು ಮೇಲು ಅನ್ನುವುದಕ್ಕೂ ಕ್ರಮವಿದೆ. ಸರ್ವರ್‌ನ ಕಾನ್ಫಿಗ್ ಫೈಲಿಗಿಂತ ಡೇಟಾಬೇಸಿಗೆ ಹಾಕಿದ್ದು ಮೇಲು, ಅದಕ್ಕಿಂತ ರೋಲ್‌ಗೆ ಹಾಕಿದ್ದು, ‘ಇಂಥ ಡೇಟಾಬೇಸಿನಲ್ಲಿ ಇಂಥ ರೋಲ್’ ಅಂತ ಹಾಕಿದ್ದು ಅದಕ್ಕೂ ಮೇಲು. ರೋಲ್‌ಗೆ, ಡೇಟಾಬೇಸಿಗೆ ಹಾಕಿದ್ದೆಲ್ಲ ಪಿಎಸ್‌ಕ್ಯೂಎಲ್‌ನಲ್ಲಿ (ಪೋಸ್ಟ್‌ಗ್ರೆಸ್‌ನ ಕಮಾಂಡ್ ಟೈಪ್ ಮಾಡುವ ಟೂಲ್) ಬ್ಯಾಕ್‌ಸ್ಲ್ಯಾಶ್ ಡಿಆರ್‌ಡಿಎಸ್ ಹೊಡೆದರೆ ಪಟ್ಟಿಯಾಗಿ ಬರುತ್ತದೆ. ಎಲ್ಲ ಸೆಟ್ಟಿಂಗ್‌ಗಳನ್ನು ತೋರಿಸುವ ಪಿಜಿ_ಸೆಟ್ಟಿಂಗ್ಸ್‌ನ ಸೋರ್ಸ್ ಕಾಲಂ ನೋಡಿದರೆ ಈಗಿನ ಮೌಲ್ಯ ಎಲ್ಲಿಂದ ಬಂತು ಅಂತಲೂ ತಿಳಿಯುತ್ತದೆ. ಬೇರೆಯವರು ಕಟ್ಟಿಟ್ಟ ಸರ್ವರ್ ಕೈಗೆ ಬಂದಾಗ ನಾನು ಮೊದಲು ನೋಡುವುದು ಇವೆರಡನ್ನೇ.

ಅರ್ಧ ಅಂಕ ಕಡಿದದ್ದು ಯಾಕೆಂದರೆ, ಈ ಸೆಟ್ಟಿಂಗ್‌ಗಳು ಗುಂಪಿನಿಂದ ಸದಸ್ಯರಿಗೆ ಇಳಿಯುವುದಿಲ್ಲ. ‘ವರದಿ’ ಅನ್ನುವ ರೋಲ್ ಮಾಡಿ ಅದಕ್ಕೆ ಹತ್ತು ಜನರನ್ನು ಸೇರಿಸಿದರೆ ಟೇಬಲ್ ಓದುವ ಹಕ್ಕು ಎಲ್ಲರಿಗೂ ಸಿಗುತ್ತದೆ, ವರ್ಕ್_ಮೆಮ್ ಮಾತ್ರ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆಯಬೇಕು. ಒಳಗೆ ಬಂದಮೇಲೆ ‘ಸೆಟ್ ರೋಲ್’ ಕೊಟ್ಟು ಬೇರೆ ರೋಲ್‌ಗೆ ಬದಲಾದರೂ ಪ್ರಯೋಜನವಿಲ್ಲ. ಲಾಗಿನ್ ಆಗುವ ಹೊತ್ತಿಗೆ ಯಾವ ರೋಲ್ ಇತ್ತೋ ಅದರದ್ದೇ ಲೆಕ್ಕ. ಈಗಾಗಲೇ ತೆರೆದಿರುವ ಸೆಷನ್ನಿಗೂ ಹೊಸ ಸೆಟ್ಟಿಂಗ್ ತಾಗುವುದಿಲ್ಲ. ಪಿಜಿಬೌನ್ಸರ್ ಥರದ ಪೂಲರ್ (ತೆರೆದ ಕನೆಕ್ಷನ್‌ಗಳನ್ನು ಮುಚ್ಚದೆ ಮತ್ತೆ ಮತ್ತೆ ಬಳಸುವ ಸಾಫ್ಟ್‌ವೇರ್) ಇಟ್ಟವರು ಹಳೆ ಕನೆಕ್ಷನ್‌ಗಳು ಮುಚ್ಚಿ ಹೊಸವು ತೆರೆಯುವವರೆಗೆ ಕಾಯಬೇಕು.

ಇನ್ನೊಂದು ಮಾತು, ಇದನ್ನು ಬೀಗ ಅಂತ ಭಾವಿಸಬೇಡಿ. ಕಲಿಯುವ ಹುಡುಗರ ರೋಲ್‌ಗೆ ಬರೀ ಓದಲು ಬಿಡುವ ಡೀಫಾಲ್ಟ್_ಟ್ರಾನ್ಸಾಕ್ಷನ್_ರೀಡ್_ಓನ್ಲಿ ಆನ್ ಮಾಡಿದ್ದೇನೆ, ಕೈತಪ್ಪಿ ಡಿಲೀಟ್ ಹೊಡೆದರೆ ಅಲ್ಲೇ ಎರರ್ ಬರುತ್ತದೆ. ಆದರೆ ಅವರೇ ‘ಸೆಟ್’ ಅಂತ ಒಂದು ಸಾಲು ಬರೆದು ಆಫ್ ಮಾಡಿಕೊಳ್ಳಬಹುದು, ಟೈಮ್‌ಔಟ್ ಕೂಡ ಹಾಗೆಯೇ. ನಿಜವಾಗಿ ತಡೆಯಬೇಕಾದದ್ದನ್ನು ಹಕ್ಕು ಕೊಡುವ ಗ್ರಾಂಟ್, ಹಕ್ಕು ಹಿಂಪಡೆಯುವ ರಿವೋಕ್‌ನಿಂದಲೇ ತಡೆಯಬೇಕು. ಬರೀ ಓದುವವರಿಗೆ 14ನೇ ಆವೃತ್ತಿಯಲ್ಲಿ ಬಂದ ಪಿಜಿ_ರೀಡ್_ಆಲ್_ಡೇಟಾ ರೋಲ್ ಇದೆ. ಟೇಬಲ್ ಟೇಬಲ್‌ಗೂ ಹಕ್ಕು ಬರೆಯುವ ಕೆಲಸ ಅದರಿಂದ ತಪ್ಪುತ್ತದೆ, ಮುಂದೆ ಹುಟ್ಟುವ ಟೇಬಲ್‌ಗಳಿಗೂ ಅದೇ ಸಾಕು.