ಫಾರ್ಮ್ಯಾಟ್ ಮಾಡದೆ ಸರಿ ಮಾಡಿಕೊಟ್ಟರು

ತುಮಕೂರಿನಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೇಳಿಕೊಂಡು ಅಂಗಡಿ ಅಂಗಡಿ ತಿರುಗಿದೆ. ಉಬುಂಟು (ಲಿನಕ್ಸ್ ಓಎಸ್) ಹಾಕಿಕೊಡಿ ಅಂದರೆ ಬಹಳ ಕಡೆ ವಿಂಡೋಸೇ ಇರಲಿ ಬಿಡಿ ಅಂತಾರೆ. ಈ ಅಂಗಡಿಯಲ್ಲಿ ಮಾತ್ರ ಸುಮ್ನೆ ಒಪ್ಪಿಕೊಂಡು ಉಬುಂಟು 22.04 ಹಾಕಿ, ವೈಫೈ ಡ್ರೈವರ್ ಕೂಡ ಕೂರಿಸಿ ಕೊಟ್ಟರು. ಬ್ಯಾಟರಿ ಎರಡು ಗಂಟೆ ಬರುತ್ತದೆ, ಕೀಬೋರ್ಡ್ ಚೆನ್ನಾಗಿದೆ. ನಾನು ಬರೆಯುತ್ತಿರುವುದು ಅದಕ್ಕಲ್ಲ, ಒಂದು ತಿಂಗಳಾದ ಮೇಲೆ ನಡೆದದ್ದಕ್ಕೆ.

ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್, ಫೋಟೋ ನೋಡಿ ಕೊಬ್ಬರಿ ಗ್ರೇಡ್ ಮಾಡುವ ಪ್ರೋಗ್ರಾಂ. ನಮ್ಮೂರು ತಿಪಟೂರು ಕಡೆ, ಹಾಗಾಗಿ ಕೊಬ್ಬರಿ. ಬರೆದಿರುವುದು ಸಿ++ನಲ್ಲಿ. ಜಿ++ ಅನ್ನುವ ಕಂಪೈಲರ್‌ನಲ್ಲಿ (ಕೋಡನ್ನು ಓಡುವ ಪ್ರೋಗ್ರಾಂ ಮಾಡಿಕೊಡುವ ಸಾಫ್ಟ್‌ವೇರ್) ಸಲೀಸಾಗಿ ಬಿಲ್ಡ್ ಆಗುತ್ತಿದ್ದ ಅದೇ ಫೈಲನ್ನು ಕ್ಲ್ಯಾಂಗ್ ಅನ್ನುವ ಇನ್ನೊಂದು ಕಂಪೈಲರ್‌ಗೆ ಕೊಟ್ಟರೆ, ಸಿ++ ಜೊತೆ ಬರುವ ಐಓಸ್ಟ್ರೀಮ್ ಫೈಲೇ ಸಿಗುತ್ತಿಲ್ಲ ಅಂತ ಎರರ್. ನಾಲ್ಕು ಸಾಲಿನ ಹಲೋ ವರ್ಲ್ಡ್ ಕೂಡ ಆಗಲಿಲ್ಲ. ಕ್ಲ್ಯಾಂಗ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದೆ, ಇನ್ನೊಮ್ಮೆಯೂ ಹಾಗೇ ಮಾಡಿದೆ, ಮೂರು ರಾತ್ರಿ ಹೋಯಿತು.

ಅಂಗಡಿಗೆ ಹೋದಾಗ ಕೌಂಟರ್‌ನಲ್ಲಿದ್ದ ಅಣ್ಣ ‘ಓಎಸ್ ಹೊಸದಾಗಿ ಹಾಕಿಬಿಡೋಣ’ ಅಂದರು. ಒಳಗೆ ಕೂತಿದ್ದ ಅಕ್ಕ ಕೇಳಿಸಿಕೊಂಡು ‘ತಡಿ, ಮೊದಲು ಅದು ಏನು ಹುಡುಕ್ತಿದೆ ನೋಡೋಣ’ ಅಂತ ಲ್ಯಾಪ್‌ಟಾಪ್ ತೆಗೆದುಕೊಂಡರು. ಅವರು ಹೊಡೆದದ್ದು ಒಂದೇ ಕಮಾಂಡ್, ಕ್ಲ್ಯಾಂಗ್‌ಗೆ ಮೈನಸ್ ವಿ. ಅದರಲ್ಲಿ ‘ಸೆಲೆಕ್ಟೆಡ್ ಜಿಸಿಸಿ ಇನ್‌ಸ್ಟಲೇಶನ್’ ಅನ್ನುವ ಸಾಲು ಇತ್ತು (ಜಿಸಿಸಿ ಅಂದರೆ ಜಿ++ ಸೇರಿರುವ ಕಂಪೈಲರ್ ಗುಂಪು), ಕೊನೆಯಲ್ಲಿ ಆವೃತ್ತಿ 12 ಅಂತ. ಕಾರಣ ಅಲ್ಲೇ ಇತ್ತು.

ಲಿನಕ್ಸ್‌ನಲ್ಲಿ ಕ್ಲ್ಯಾಂಗ್, ನಾವು ಬೇರೆ ಹೇಳದಿದ್ದರೆ, ಜಿಸಿಸಿ ಜೊತೆ ಬರುವ ಸಿ++ ಸ್ಟ್ಯಾಂಡರ್ಡ್ ಲೈಬ್ರರಿಯನ್ನೇ (ಭಾಷೆಯ ಜೊತೆ ಸಿದ್ಧವಾಗಿ ಸಿಗುವ ಕೋಡ್) ಬಳಸುತ್ತದೆ. ಇರುವ ಜಿಸಿಸಿ ಫೋಲ್ಡರ್‌ಗಳಲ್ಲಿ ದೊಡ್ಡ ನಂಬರ್ ಯಾವುದೋ ಅದನ್ನು ಆರಿಸಿಕೊಳ್ಳುತ್ತದೆ. 22.04ರಲ್ಲಿ ಮಾಮೂಲಿ ಜಿಸಿಸಿ 11. ಆದರೆ ನನ್ನ ಲ್ಯಾಪ್‌ಟಾಪ್‌ನ ಕರ್ನಲ್ (ಓಎಸ್‌ನ ತಿರುಳು) ಜಿಸಿಸಿ 12ರಲ್ಲಿ ಬಿಲ್ಡ್ ಆದದ್ದು, ಹಾಗಾಗಿ ಅದಕ್ಕೆ ಸೇರುವ ವೈಫೈ ಡ್ರೈವರ್ ಕಟ್ಟಲು ಇವರೇ ಜಿಸಿಸಿ 12 ಹಾಕಿದ್ದರು. ಸಿ ಕಂಪೈಲರ್ ಮಾತ್ರ. ಐಓಸ್ಟ್ರೀಮ್ ತರಹದ ಸಿ++ ಹೆಡರ್ ಫೈಲ್‌ಗಳು 11ಕ್ಕೆ ಮಾತ್ರ ಇದ್ದವು. ಕ್ಲ್ಯಾಂಗ್ 12ರ ಫೋಲ್ಡರ್ ಇದೆ ಅಂತ ಅದನ್ನು ನಂಬಿಕೊಂಡಿತು, ಜಿ++ ಮಾತ್ರ ತನ್ನ 11ರ ಜೊತೆ ಆರಾಮಾಗಿ ಇತ್ತು. ಕ್ಲ್ಯಾಂಗನ್ನು ಎಷ್ಟು ಸಲ ತೆಗೆದು ಮತ್ತೆ ಹಾಕಿದರೂ ಪ್ರಯೋಜನ ಇಲ್ಲ ಅಲ್ವಾ, ಕೊರತೆ ಇದ್ದದ್ದು ಅದರಲ್ಲಲ್ಲ. ಲಿಬ್‌ಎಸ್‌ಟಿಡಿಸಿ++-12-ಡೆವ್ ಅನ್ನುವ, 12ರ ಸಿ++ ಹೆಡರ್ ಇರುವ ಒಂದು ಪ್ಯಾಕೇಜ್ ಹಾಕಿದರು, ಎರಡು ನಿಮಿಷದಲ್ಲಿ ಬಿಲ್ಡ್ ಆಯಿತು. ‘ಇದು ನಮ್ಮಿಂದಲೇ ಆಗಿದ್ದು’ ಅಂತ ಹೇಳಿ ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಇನ್ನೊಂದು ತೊಂದರೆಯೂ ಇತ್ತು. ಸೀನಿಯರ್ ಒಬ್ಬರು ಕೊಟ್ಟ ಹಳೇ ಲೈಬ್ರರಿ ಫೈಲ್, ಸೋರ್ಸ್ ಕಳೆದುಹೋಗಿದೆ. ನಮ್ಮ ಕೋಡ್ ಜೊತೆ ಲಿಂಕ್ ಮಾಡಿದರೆ (ಜೋಡಿಸಿದರೆ) ಪರದೆ ತುಂಬ ‘ಅನ್‌ಡಿಫೈನ್ಡ್ ರೆಫರೆನ್ಸ್’, ಅಂದರೆ ಕೇಳಿದ ಹೆಸರು ಸಿಗಲಿಲ್ಲ ಅಂತ, ಎಲ್ಲದರಲ್ಲೂ ಸಿಎಕ್ಸ್‌ಎಕ್ಸ್11 ಅನ್ನುವ ಪದ. ಅಕ್ಕ ಹೇಳಿದ್ದು ಹೀಗೆ: 2015ರಲ್ಲಿ ಬಂದ ಜಿಸಿಸಿ 5ರಲ್ಲಿ ಸ್ಟ್ರಿಂಗ್‌ನ (ಪಠ್ಯ ಇಡುವ ಟೈಪ್) ಒಳಗಿನ ರಚನೆಯೇ ಬದಲಾಯಿತು. ಒಂದೇ ಮೆಮೊರಿಯನ್ನು ಹಲವು ಸ್ಟ್ರಿಂಗ್‌ಗಳು ಹಂಚಿಕೊಂಡು, ಬದಲಾವಣೆ ಬಂದಾಗ ಮಾತ್ರ ನಕಲು ಮಾಡಿಕೊಳ್ಳುವ ಹಳೇ ಪದ್ಧತಿಗೆ ಸಿ++11ರ (ಭಾಷೆಯ 2011ರ ಆವೃತ್ತಿ) ನಿಯಮ ಜಾಗ ಕೊಡುವುದಿಲ್ಲ. ಹಾಗಾಗಿ ಹಳೇ ಸ್ಟ್ರಿಂಗ್, ಹೊಸ ಸ್ಟ್ರಿಂಗ್ ಎರಡೂ ಒಂದೇ ಲೈಬ್ರರಿಯಲ್ಲಿ ಬೇರೆ ಬೇರೆ ಹೆಸರಿನಲ್ಲಿ ಉಳಿದವು. ನಮ್ಮ ಕೋಡ್ ಹೊಸದನ್ನು ಕೇಳುತ್ತದೆ, ಸೀನಿಯರ್ ಫೈಲಿನಲ್ಲಿ ಇರುವುದು ಹಳೆಯದು.

ನಾನು ಇಂಟರ್ನೆಟ್‌ನಲ್ಲಿ ಓದಿ ಯೂಸ್ ಸಿಎಕ್ಸ್‌ಎಕ್ಸ್11 ಎಬಿಐ ಅನ್ನುವ ಮ್ಯಾಕ್ರೊವನ್ನು (ಹಳೇ ಸ್ಟ್ರಿಂಗೋ ಹೊಸದೋ ಅಂತ ಆರಿಸುವ ಸೆಟ್ಟಿಂಗ್) ಸೊನ್ನೆ ಮಾಡಿ, ಅಂದರೆ ಹಳೆಯದನ್ನು ಆರಿಸಿ, ಇಡೀ ಪ್ರಾಜೆಕ್ಟ್ ಬಿಲ್ಡ್ ಮಾಡಿದ್ದೆ. ಆಗ ಓಪನ್‌ಸಿವಿ (ಫೋಟೋ ವಿಶ್ಲೇಷಿಸುವ ಲೈಬ್ರರಿ) ಕಡೆಯಿಂದ ಎರರ್ ಶುರುವಾಗಿತ್ತು, ಯಾಕೆಂದರೆ ಉಬುಂಟು ಕೊಡುವ ಓಪನ್‌ಸಿವಿ ಹೊಸ ಸ್ಟ್ರಿಂಗ್‌ನದ್ದು. ಅಕ್ಕ ಮಾಡಿಸಿದ್ದು ನನಗೆ ತುಂಬ ಇಷ್ಟವಾಯಿತು. ಒಂದು ಸಣ್ಣ ಫೈಲ್ ಬರೆಸಿ, ಅದನ್ನು ಮಾತ್ರ ಮ್ಯಾಕ್ರೊ ಸೊನ್ನೆ ಇಟ್ಟು ಕಂಪೈಲ್ ಮಾಡಿಸಿದರು. ಹಳೇ ಲೈಬ್ರರಿಯನ್ನು ಕರೆಯುವುದು ಆ ಫೈಲ್ ಮಾತ್ರ. ಉಳಿದ ಕೋಡ್ ಅದರ ಜೊತೆ ಮಾತಾಡುವುದು ಸಿ ಫಂಕ್ಷನ್ ಮೂಲಕ, ಕ್ಯಾರೆಕ್ಟರ್ ಪಾಯಿಂಟರ್ (ಅಕ್ಷರಗಳು ಮೆಮೊರಿಯಲ್ಲಿ ಇರುವ ವಿಳಾಸ) ಕೊಟ್ಟು. ಸ್ಟ್ರಿಂಗ್ ಗಡಿ ದಾಟುವುದೇ ಇಲ್ಲ. ಕೋಡ್ ನನ್ನ ಕೈಯಲ್ಲೇ ಬರೆಸಿದರು, ಎರಡು ಗಂಟೆ ಪಕ್ಕದಲ್ಲೇ ಕೂತಿದ್ದರು, 300 ರೂಪಾಯಿ ತೆಗೆದುಕೊಂಡರು. ನನ್ನ ಪ್ರಕಾರ ಇದು ಕಡಿಮೆಯೇ.

ಬೇಜಾರಾದದ್ದೂ ಹೇಳಬೇಕು. ಫೋನ್ ಮಾಡಿದರೆ ಎತ್ತುವುದಿಲ್ಲ, ಹೋಗಿಯೇ ಕೇಳಬೇಕು. ಅದಕ್ಕಿಂತ ಮುಖ್ಯವಾಗಿ, ಡ್ರೈವರ್‌ಗಾಗಿ ಇನ್ನೊಂದು ಕಂಪೈಲರ್ ಹಾಕಿದ್ದೇವೆ ಅಂತ ಮೊದಲೇ ಒಂದು ಮಾತು ಹೇಳಿದ್ದರೆ ನನ್ನ ಮೂರು ರಾತ್ರಿ ಉಳಿಯುತ್ತಿತ್ತು. ಇದನ್ನು ಅಕ್ಕನಿಗೆ ನೇರವಾಗಿಯೇ ಹೇಳಿದೆ. ಹೋದ ವಾರ ನನ್ನ ಫ್ರೆಂಡ್ ಅಲ್ಲೇ ಲ್ಯಾಪ್‌ಟಾಪ್ ತೆಗೆದುಕೊಂಡ. ಅವನ ಬಿಲ್ ಹಿಂದೆ ಪೆನ್ನಿನಲ್ಲಿ ಬರೆದಿತ್ತು: ಜಿಸಿಸಿ 12 ಹಾಕಿದೆ, ಜಿ++ 12 ಕೂಡ ಹಾಕಿದೆ.