ಪಾಪ್ ರಿವೆಟ್ಟೋ, ಬಡಿದು ಕೂರಿಸುವ ರಿವೆಟ್ಟೋ?

ವಿಮಾನದ ತಗಡುಗಳನ್ನು ಒಂದಕ್ಕೊಂದು ಜೋಡಿಸುವ ಲೋಹದ ಮೊಳೆಯೇ ರಿವೆಟ್. ಪಾಪ್ ರಿವೆಟ್ಟನ್ನು ಒಂದೇ ಕಡೆಯಿಂದ ಎಳೆದು ಕೂರಿಸುತ್ತಾರೆ, ಗಟ್ಟಿ ರಿವೆಟ್ಟನ್ನು ಬಡಿದು. ಮೊದಲೇ ಹೇಳಿಬಿಡುತ್ತೇನೆ, ನಾನು ಪಾಪ್ ರಿವೆಟ್ ಪಕ್ಷ. ಸ್ವಂತವಾಗಿ ವಿಮಾನ ಕಟ್ಟುವ ಕೆಲಸಕ್ಕೆ ಅಂತ ಕೊಂಡ ಸಾಮಾನಿನಲ್ಲಿ ಹಾಕಿದ ದುಡ್ಡಿಗೆ ಪೂರ್ತಿ ನ್ಯಾಯ ಸಿಕ್ಕಿದ್ದು ಗಾಳಿಯಲ್ಲಿ ಓಡುವ ರಿವೆಟ್ ಪುಲ್ಲರ್‌ನಿಂದ. ಅದಕ್ಕೂ ಮುಂಚೆ ಗಟ್ಟಿ ರಿವೆಟ್ ಬಡಿಯುವ ರಿವೆಟ್ ಗನ್, ಹಿಂದೆ ಒತ್ತಿ ಹಿಡಿಯುವ ಲೋಹದ ಗಟ್ಟಿಯಾದ ಬಕ್ಕಿಂಗ್ ಬಾರ್ ಎಲ್ಲ ತಂದಿದ್ದೆ. ರಡ್ಡರ್‌ನಂಥದೇ (ವಿಮಾನದ ಬಾಲದಲ್ಲಿರುವ ಚುಕ್ಕಾಣಿ) ಅಭ್ಯಾಸದ ತುಂಡನ್ನು ಎರಡೂ ರೀತಿಯಲ್ಲಿ ಮಾಡಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು. ಯಾವ ರಿವೆಟ್ ಅನ್ನೋದನ್ನು ನೀವು ಆರಿಸುವುದು ವಿಮಾನ ಆರಿಸುವಾಗಲೇ. ವ್ಯಾನ್ಸ್ ಕಂಪನಿಯ ಆರ್‌ವಿ-7 ವಿಮಾನ ಬೇಕೆಂದರೆ ಗನ್ ಹಿಡಿಯಲೇಬೇಕು. ಜೆನಿತ್ ಕಂಪನಿಯ ಸಿಎಚ್ 750, ವ್ಯಾನ್ಸ್‌ನದೇ ಆರ್‌ವಿ-12 ಇಂಥವು ಬಹುಪಾಲು ಪಾಪ್ ರಿವೆಟ್ ಮೇಲೆ ನಿಂತಿವೆ. ನಕ್ಷೆಯಲ್ಲಿ ಒಂದಿದ್ದರೆ ಸುಮ್ನೆ ಇನ್ನೊಂದು ಹಾಕುವಂತಿಲ್ಲ. ಹಾರ್ಡ್‌ವೇರ್ ಅಂಗಡಿಯ ಪಾಪ್ ರಿವೆಟ್ಟಂತೂ ಬೇಡವೇ ಬೇಡ.

ಈಗ ನನ್ನ ತಲೆ ತಿಂದ ವಿಷಯ. ಗಟ್ಟಿ ರಿವೆಟ್ ಕೂರಿಸಲು ಹೊರಗಿನಿಂದ ಗನ್ ತಲೆಗೆ ಬಡಿಯಬೇಕು, ಒಳಗಿನಿಂದ ರಿವೆಟ್‌ನ ಬಾಲಕ್ಕೆ ಬಕ್ಕಿಂಗ್ ಬಾರ್ ಒತ್ತಿ ಹಿಡಿಯಬೇಕು. ಬಾಲ ಚಪ್ಪಟೆಯಾಗಿ, ರಿವೆಟ್ ವ್ಯಾಸದ ಒಂದೂವರೆ ಪಟ್ಟು ಅಗಲ, ಅರ್ಧದಷ್ಟು ಎತ್ತರ ಬಂದರೆ ಸರಿ. ಅಂದರೆ 3.2 ಮಿ.ಮೀ. ರಿವೆಟ್‌ಗೆ 4.8 ಅಗಲ, 1.6 ಎತ್ತರ. ಇಬ್ಬರಿದ್ದರೆ ಇದು ಆರಾಮ. ನಾನು ಒಬ್ಬನೇ ಕೆಲಸ ಮಾಡುವವನು. ಎಡಗೈ ತಗಡಿನ ಒಳಗೆ, ಬಲಗೈ ಹೊರಗೆ, ಕಣ್ಣಿಗೆ ಎರಡೂ ಒಟ್ಟಿಗೆ ಕಾಣುವುದಿಲ್ಲ. ರಡ್ಡರ್ ಹಿಂದಿನ ಅಂಚಿನ ಕಡೆ ಹೋಗುತ್ತಾ ಕಿರಿದಾಗುತ್ತದೆ ಅಲ್ವಾ, ಅಲ್ಲಿ ಬಾರ್ ಹಿಡಿದ ಕೈಯೇ ಹೋಗುವುದಿಲ್ಲ.

ಬಾರ್ ಕೂದಲೆಳೆಯಷ್ಟು ವಾಲಿದರೂ ಬಾಲ ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಗನ್ ಜಾರಿದರೆ ತಗಡಿನ ಮೇಲೆ ಅರ್ಧಚಂದ್ರದ ಗುರುತು. ಬಣ್ಣ ಹೊಡೆದರೂ ಅದು ಬೆಳಕಿನಲ್ಲಿ ಕಾಣುತ್ತದೆ.

ಕೆಟ್ಟ ರಿವೆಟ್ ತೆಗೆಯುವುದು ಇನ್ನೊಂದು ಕಥೆ. ತಲೆಯ ನಟ್ಟನಡುವೆ, ತಲೆಯಷ್ಟೇ ಆಳಕ್ಕೆ ಡ್ರಿಲ್ ಮಾಡಿ, ಆ ತೂತಿಗೆ ಪಂಚ್ ತೂರಿಸಿ ಅಲ್ಲಾಡಿಸಿದರೆ ತಲೆ ಟಕ್ ಅಂತ ಕಳಚಿಕೊಳ್ಳುತ್ತದೆ. ಆಮೇಲೆ ಹಿಂದೆ ಆಸರೆ ಕೊಟ್ಟು ಉಳಿದದ್ದನ್ನು ಮೆಲ್ಲಗೆ ತಟ್ಟಿ ಹೊರಹಾಕಬೇಕು. ಬಿಟ್ ಸ್ವಲ್ಪ ಓರೆಯಾದರೆ ತೂತು ಮೊಟ್ಟೆಯಾಕಾರ. ಆಗ ದಪ್ಪ ರಿವೆಟ್ ಬೇಕು. ದಪ್ಪ ರಿವೆಟ್‌ಗೆ ತಗಡಿನ ಅಂಚಿನಿಂದ ಜಾಸ್ತಿ ದೂರ ಬೇಕು. ವ್ಯಾಸದ ಎರಡು ಪಟ್ಟಾದರೂ ಇರಲಿ ಅನ್ನುವುದು ರೂಢಿ. ಅಷ್ಟು ಜಾಗ ಇಲ್ಲದಿದ್ದರೆ ಇಡೀ ತುಂಡೇ ಗುಜರಿಗೆ.

ಪಾಪ್ ರಿವೆಟ್‌ನಲ್ಲಿ ಇದ್ಯಾವುದೂ ಇಲ್ಲ. ತೂತಿಗೆ ತೂರಿಸು, ಪುಲ್ಲರ್ ನೆಟ್ಟಗೆ ಹಿಡಿ, ಟ್ರಿಗರ್ ಒತ್ತು. ಒಳಗಿನ ಕಡ್ಡಿ ಎಳೆಸಿಕೊಂಡು ಹಿಂಬದಿಯನ್ನು ಉಬ್ಬಿಸಿ ಪಟ್ ಅಂತ ಮುರಿಯುತ್ತದೆ. ಒಳಗೆ ಕೈ ಹಾಕುವುದೇ ಬೇಡ. ಜೆನಿತ್ ವಿಧಾನದಲ್ಲಿ ಚಪ್ಪಟೆ ತಲೆಯ ರಿವೆಟ್ಟನ್ನು ಒಳಗೆ ಗುಳಿ ಇರುವ ಮೂತಿಯಿಂದ ಎಳೆಯುತ್ತಾರೆ. ಎಳೆದಾಗ ತಲೆ ಗುಂಡಾಗಿ, ಅಂಚು ತಗಡಿಗೆ ಅಂಟಿ ಕೂರುತ್ತದೆ. ಅದನ್ನು ನೋಡುವುದೇ ಒಂದು ಖುಷಿ.

ಇದಕ್ಕೂ ಕಿರಿಕಿರಿ ಇದೆ. ಬಿಚ್ಚುವಾಗ ಒಳಗುಳಿದ ಕಡ್ಡಿಯ ಚೂರು ಉಕ್ಕಿನದಾದರೆ ಬಿಟ್ ಅದರ ಮೇಲೆ ಜಾರುತ್ತದೆ. ಮೊದಲು ಸಣ್ಣ ಪಂಚ್‌ನಿಂದ ಆ ಚೂರನ್ನು ಕೆಳಕ್ಕೆ ತಳ್ಳಿ, ಆಮೇಲೆ ಡ್ರಿಲ್ ಮಾಡಿ.

ಸದ್ದು: ಗನ್ ಶುರುವಾದರೆ ಟೊಳ್ಳು ರೆಕ್ಕೆ ಡೋಲಾಗುತ್ತದೆ. ನಾನು ಕೆಲಸ ಮಾಡುವುದು ರಾತ್ರಿ ಊಟವಾದ ಮೇಲೆ, ಹಾಗಾಗಿ ಪಾಪ್ ರಿವೆಟ್ ಕಡೆ ವಾಲಲು ಈ ಕಾರಣವೊಂದೇ ಸಾಕಿತ್ತು.

ಅಂದ: ತಗಡಿಗೆ ಸಮನಾಗಿ ಕೂತ ಗಟ್ಟಿ ರಿವೆಟ್ ಮುಂದೆ ಪಾಪ್ ರಿವೆಟ್ ನಿಲ್ಲಲ್ಲ. ಹಾಗೆ ಸಮನಾಗಿ ಕೂತದ್ದಕ್ಕೆ ಗಾಳಿಯ ತಡೆಯೂ ಕಡಿಮೆ. ವೇಗದ ವಿಮಾನ ಬೇಕಾದವರು ಅತ್ತ ಹೋಗಲಿ.

ಖರ್ಚು: ಬಿಡಿಯಾಗಿ ನೋಡಿದರೆ ಗಟ್ಟಿ ರಿವೆಟ್ಟೇ ಅಗ್ಗ. ಆದರೆ ಗನ್, ಅದರ ತುದಿಗೆ ಹಾಕುವ ಸೆಟ್‌ಗಳು, ಬೇರೆಬೇರೆ ಆಕಾರದ ಬಾರ್‌ಗಳು, ರಿವೆಟ್ ತಲೆ ಸಮನಾಗಿ ಕೂರಲು ತಗಡಿನಲ್ಲಿ ಗುಳಿ ಮಾಡುವ ಡಿಂಪಲ್ ಡೈಗಳು ಎಲ್ಲ ಸೇರಿದಾಗ ಪಟ್ಟಿ ಉದ್ದವಾಗುತ್ತದೆ. ಕಂಪ್ರೆಸರ್ ಎರಡಕ್ಕೂ ಬೇಕು, ರಿವೆಟ್ ಹಾಕುವವರೆಗೆ ತಗಡುಗಳನ್ನು ಹಿಡಿದಿಡುವ ಕ್ಲೆಕೋಗಳೂ ಅಷ್ಟೇ.

ಒಬ್ಬರೇ ಕೆಲಸ ಮಾಡುವವರು, ನಿಧಾನ ಹಾರಿದರೂ ಪರವಾಗಿಲ್ಲ ಅನ್ನುವವರು ಪಾಪ್ ರಿವೆಟ್ ವಿಮಾನ ನೋಡಿ. ಸಂಜೆ ಸಂಜೆ ಬಂದು ಬಾರ್ ಹಿಡಿಯುವ ಜೊತೆಗಾರರಿದ್ದರೆ ಲೆಕ್ಕವೇ ಬೇರೆ. ನನ್ನ ಗನ್, ಬಾರ್ ಕೇಳಿದವರಿಗೆ ಕೊಟ್ಟುಬಿಡುತ್ತೇನೆ. ಅಂಚಿನ ಸಾಲಿನ ಗಟ್ಟಿ ರಿವೆಟ್‌ಗಳನ್ನು ಸದ್ದಿಲ್ಲದೆ ಅಮುಕಿ ಕೂರಿಸುವ ಕೈ ಸ್ಕ್ವೀಜರ್ ಮಾತ್ರ ಕೇಳಬೇಡಿ.